ದಪ್ಪ ಮಾಡ್ರಿ, ಸ್ವಲ್ಪ ವಾರಿ ಮಾಡ್ರಿ

ಬೇಸಿಗೆಯ ಲಗ್ನದ ಸೀಜನ್ ಶುರುವಾದರೆ ಬಾಗಲಕೋಟೆ ನವನಗರದ ನನ್ನ ಡಿಟಿಪಿ ಅಂಗಡಿಗೆ ಬರುವವರು ಅಕ್ಷರದ ಬಗ್ಗೆ ಆಡುವುದು ಎರಡೇ ಮಾತು. ಮೊದಲನೆಯದು ‘ದಪ್ಪ ಮಾಡ್ರಿ’. ಅದು ಸಾಲದಾದಾಗ ‘ಸ್ವಲ್ಪ ವಾರಿ ಮಾಡ್ರಿ’, ಅಂದರೆ ಓರೆ ಮಾಡಿ. ಈ ವರ್ಷ ಹುನಗುಂದ ಕಡೆಯಿಂದ ಬಂದ ಯಜಮಾನರೊಬ್ಬರು ಎರಡನ್ನೂ ಒಟ್ಟಿಗೇ ಕೇಳಿದರು. ಮಗಳ ಲಗ್ನ. ಪತ್ರಿಕೆಯ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್, ಯಾಕೆಂದರೆ ಅಳಿಯನ ಆಫೀಸಿನವರು ಪುಣೆಯಿಂದ ಬರುವವರಿದ್ದರು. ಇಂಗ್ಲಿಷ್ ಬದಿಯಲ್ಲಿ ಹುಡುಗಿಯ ಹೆಸರು ಬೋಲ್ಡ್ ಇಟಾಲಿಕ್‌ನಲ್ಲಿ, ಅಂದರೆ ದಪ್ಪವಾಗಿ ಬಲಕ್ಕೆ ವಾಲಿದ ರೂಪದಲ್ಲಿ, ಪಾದವಿರುವ ಅಕ್ಷರದಲ್ಲಿ, ಅಂದರೆ ಸೆರಿಫ್‌ನಲ್ಲಿ, ಸೆರಗು ಬೀಸಿದ ಹಾಗೆ ಕೂತಿತ್ತು.

‘ಆ ಕಡೆ ಹೆಂಗ ಐತಿ, ಈ ಕಡೆನೂ ಹಂಗ ಮಾಡ್ರಿ’ ಅಂದರು.

ದಪ್ಪಕ್ಕೆ ಕಂಟ್ರೋಲ್ ಬಿ ಒತ್ತಿದೆ, ವಾರೆಗೆ ಕಂಟ್ರೋಲ್ ಐ ಒತ್ತಿದೆ. ಹುಡುಗಿಯ ಹೆಸರಿನ ಕೊನೆಗೆ ‘ಕ್ಷ್ಮೀ’ ಇತ್ತು. ಅದು ಪರದೆಯ ಮೇಲೆ ಬಸ್ಸಿನ ಬಾಗಿಲಲ್ಲಿ ನೇತಾಡುವವರ ಹಾಗೆ ಕಂಡಿತು. ಮೇಲಿನ ಗುಡಿಸು ಬಲಕ್ಕೆ ಓಡಿತ್ತು, ಕೆಳಗಿನ ಒತ್ತುಗಳು ಎಡಕ್ಕೆ ಜಾರಿ ಹಿಂದಿನ ಅಕ್ಷರದ ಕಾಲಡಿಗೆ ಸೇರಿದ್ದವು. ಷ-ಒತ್ತಿನೊಳಗಿನ ಸಣ್ಣ ಕಿಂಡಿ ದಪ್ಪವಾಗಿ ಮುಚ್ಚಿಹೋಗಿತ್ತು. ಯಜಮಾನರು ಕನ್ನಡಕ ಏರಿಸಿ ನೋಡಿ, ‘ಇದ್ಯಾಕ್ರೀ, ಕುಡದಂಗ ಐತಿ?’ ಅಂದರು.

ನಗು ಬಂತು, ಆದರೆ ಪ್ರಶ್ನೆ ನ್ಯಾಯದ್ದೇ. ಒಂದೇ ಕಂಪ್ಯೂಟರು, ಅವೇ ಎರಡು ಗುಂಡಿ. ಒಂದು ಬದಿಯಲ್ಲಿ ಅಕ್ಷರ ನಡೆಯುತ್ತದೆ, ಇನ್ನೊಂದು ಬದಿಯಲ್ಲಿ ತೂರಾಡುತ್ತದೆ.

ಇಪ್ಪತ್ತು ವರ್ಷ ಈ ಕೆಲಸ ಮಾಡಿದವನು ನಾನು, ಕಾರಣ ಗೊತ್ತಿಲ್ಲದೆ ಏನಿಲ್ಲ. ಇಂಗ್ಲಿಷ್ ಬದಿಗೆ ಕಂಪ್ಯೂಟರು ಅಕ್ಷರವನ್ನು ವಾರೆ ಮಾಡುವುದೇ ಇಲ್ಲ. ಬೇರೆಯೇ ಒಂದು ಫಾಂಟ್ ತೆಗೆದು ಹಾಕುತ್ತದೆ. ಟೈಮ್ಸ್ ನ್ಯೂ ರೋಮನ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ಅಸಲಿಗೆ ನಾಲ್ಕು ಫಾಂಟುಗಳ ಒಂದು ಮನೆ: ಸಾದಾ, ಇಟಾಲಿಕ್, ಬೋಲ್ಡ್, ಬೋಲ್ಡ್ ಇಟಾಲಿಕ್. ಪ್ರತಿಯೊಂದನ್ನೂ ಒಬ್ಬರು ಕೂತು ಬೇರೆಯಾಗಿ ಬಿಡಿಸಿರುತ್ತಾರೆ. ನನ್ನ ಕನ್ನಡ ಫಾಂಟಿಗೆ ಆ ನಾಲ್ಕನೆಯ ಕೋಣೆ ಇರಲಿಲ್ಲ. ಇಲ್ಲದ ಕೋಣೆಯ ಬಾಗಿಲು ತಟ್ಟಿದರೆ ತಂತ್ರಾಂಶ ಸುಮ್ಮನಿರುವುದಿಲ್ಲ. ಸಾದಾ ಅಕ್ಷರದ ಸುತ್ತ ಮಸಿ ಬಳಿದು ದಪ್ಪ ಮಾಡುತ್ತದೆ, ಆಮೇಲೆ ತಲೆ ಹಿಡಿದು ಬಲಕ್ಕೆ ತಳ್ಳುತ್ತದೆ. ನಾವು ಅದನ್ನೇ ಇಟಾಲಿಕ್ ಅನ್ನುತ್ತೇವೆ.

ಆ ಸಂಜೆ ಗಿರಾಕಿ ಕಡಿಮೆಯಿದ್ದಾಗ ಇಂಗ್ಲಿಷ್ ಬದಿಯ ಹೆಸರನ್ನು ಪರದೆ ತುಂಬ ಹಿಗ್ಗಿಸಿ ನೋಡಿದೆ. ನೀವೂ ಒಮ್ಮೆ ನೋಡಬೇಕು. ಚಿಕ್ಕ ‘ಎ’ ಸಾದಾ ರೂಪದಲ್ಲಿ ಎರಡಂತಸ್ತಿನ ಮನೆ, ಮೇಲೊಂದು ಕೊಕ್ಕೆ, ಕೆಳಗೊಂದು ಹೊಟ್ಟೆ. ಇಟಾಲಿಕ್‌ನಲ್ಲಿ ಮೇಲಿನ ಅಂತಸ್ತೇ ಇಲ್ಲ, ನಾವು ಪೆನ್ನಿನಲ್ಲಿ ಬರೆಯುವ ‘ಎ’ ಆಗಿಬಿಡುತ್ತದೆ. ‘ಎಫ್’ ಸಾದಾ ರೂಪದಲ್ಲಿ ಗೆರೆಯ ಮೇಲೆ ನಿಂತಿರುತ್ತದೆ, ಇಟಾಲಿಕ್‌ನಲ್ಲಿ ಗೆರೆ ದಾಟಿ ಕೆಳಗೆ ಬಾಲ ಬಿಡುತ್ತದೆ. ಪಾದಗಳೂ ಬದಲಾಗುತ್ತವೆ. ಸಾದಾ ಸೆರಿಫ್ ಅಕ್ಷರದ ಪಾದ ಹಲಗೆಯ ಹಾಗೆ ಎರಡೂ ಕಡೆ ಚಾಚಿರುತ್ತದೆ. ಇಟಾಲಿಕ್‌ನ ಪಾದ ಪೆನ್ನು ಕಾಗದಕ್ಕೆ ಇಳಿದ ಗುರುತು, ಕಾಗದ ಬಿಟ್ಟು ಎದ್ದ ಗುರುತು.

ಬೋಲ್ಡ್ ಇಟಾಲಿಕ್‌ನಲ್ಲಿ ಇದಕ್ಕೆ ಇನ್ನೊಂದು ತಾಪತ್ರಯ ಸೇರುತ್ತದೆ. ಇಟಾಲಿಕ್ ಅಕ್ಷರ ಸ್ವಭಾವತಃ ಸಪೂರ. ಅದಕ್ಕೆ ಮೈ ತುಂಬಿಸಿದರೆ ಒಳಗಿನ ಬಯಲು ಕಿರಿದಾಗುತ್ತದೆ, ಕೊಂಬೆ ಕಾಂಡ ಸೇರುವ ಕಡೆ ಮಸಿ ಕಟ್ಟುತ್ತದೆ. ಹಾಗಾಗಿ ಬಿಡಿಸುವವರು ಅಕ್ಷರವನ್ನು ಕೊಂಚ ಅಗಲ ಮಾಡಿ, ಕೂಡುವ ಜಾಗವನ್ನು ಬೇಕೆಂದೇ ತೆಳ್ಳಗೆ ಕೊರೆಯುತ್ತಾರೆ. ದುಂಡಗಿನ ‘ಓ’ ಬಗ್ಗೆಯಂತೂ ವಿಶೇಷ ಎಚ್ಚರ ಬೇಕು. ಸುಮ್ಮನೆ ತಳ್ಳಿದರೆ ವೃತ್ತ ಮೂಲೆಯಿಂದ ಮೂಲೆಗೆ ಜಗ್ಗಿ, ದಪ್ಪ ತೆಳುವಿನ ಜಾಗವೆಲ್ಲ ಅದಲುಬದಲಾಗುತ್ತದೆ. ಅದನ್ನು ಕೈಯಿಂದಲೇ ತಿದ್ದಬೇಕು. ಇಂಗ್ಲಿಷಿನಲ್ಲಿ ದುಂಡಗಿನ ಅಕ್ಷರ ಕೆಲವು. ಕನ್ನಡದಲ್ಲಿ ದುಂಡಗಿಲ್ಲದ್ದನ್ನು ಹುಡುಕಬೇಕು.

ಕಾಕಾ ಇದ್ದಿದ್ದರೆ ಇದಕ್ಕೆಲ್ಲ ಏನನ್ನುತ್ತಿದ್ದರೋ. ಹಳೇ ಬಾಗಲಕೋಟೆಯಲ್ಲಿ, ಈಗ ಆಲಮಟ್ಟಿ ಹಿನ್ನೀರು ಬಂದು ನಿಲ್ಲುವ ಕಡೆ, ಅವರ ಮೊಳೆಯಚ್ಚಿನ ಪ್ರೆಸ್ ಇತ್ತು. ಕಾಲಲ್ಲಿ ತುಳಿಯುವ ಟ್ರೆಡಲ್ ಮಷಿನ್ ಒಂದು, ಮೊಳೆ ಇಡುವ ಕೇಸುಗಳು ಗೋಡೆ ತುಂಬ. ಕನ್ನಡದ ಮೊಳೆಗೆ ಖಾನೆ ಎಷ್ಟಿದ್ದರೂ ಸಾಲದು, ಕಾಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. ಅದರಲ್ಲಿ ಸಾದಾ ಒಂದು, ದಪ್ಪ ಒಂದು, ಗಾತ್ರ ಎರಡು ಮೂರು. ವಾರೆ ಇರಲಿಲ್ಲ. ಇಂಗ್ಲಿಷಿಗೆ ಸಾದಾ, ದಪ್ಪ, ಒಂದು ಕೇಸು ಇಟಾಲಿಕ್. ಬೋಲ್ಡ್ ಇಟಾಲಿಕ್ ಅವರಲ್ಲಿ ಇರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಮೊಳೆ ಅಂದರೆ ಸೀಸ, ಬೆಲೆ ತೂಕದ ಮೇಲೆ. ವರ್ಷಕ್ಕೊಮ್ಮೆ ಬೇಕಾಗುವ ಅಕ್ಷರಕ್ಕೆ ಕಿಲೋಗಟ್ಟಲೆ ದುಡ್ಡು ಹಾಕುವ ಹುಚ್ಚು ಯಾರಿಗೆ?

ಅವರ ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇರುತ್ತಿತ್ತು, ಮುರಿದ ‘ಎಫ್’ಗಳದು. ಇಟಾಲಿಕ್ ‘ಎಫ್’ನ ತಲೆ, ಬಾಲ ಎರಡೂ ಮೊಳೆಯ ಮೈ ಬಿಟ್ಟು ಹೊರಗೆ ಚಾಚಿರುತ್ತವೆ, ಪಕ್ಕದ ಅಕ್ಷರದ ಭುಜದ ಮೇಲೆ ಕೈ ಹಾಕಿದ ಹಾಗೆ. ಆಧಾರ ತಪ್ಪಿದರೆ ಆ ಚಾಚಿದ ಭಾಗ ಟಕ್ ಎಂದು ಮುರಿಯುವುದು. ಇಟಾಲಿಕ್ ‘ಎಫ್’ ಖಾಲಿಯಾದರೆ ಕಾಕಾ ಸಾದಾ ‘ಎಫ್’ ತುರುಕಿ ಬಿಡುತ್ತಿದ್ದರು. ಆ ಕಾಲದ ಕೆಲವು ಲಗ್ನಪತ್ರಿಕೆ ನನ್ನಲ್ಲಿ ಇವೆ. ವಾರೆಯಾಗಿ ಸಾಗುವ ಸಾಲಿನ ನಡುವೆ ಒಂದೇ ಒಂದು ‘ಎಫ್’ ಜಾತ್ರೆಯಲ್ಲಿ ನಿಂತ ಪೊಲೀಸಿನ ಹಾಗೆ ನೆಟ್ಟಗೆ ನಿಂತಿದೆ. ಯಾರೂ ದೂರಲಿಲ್ಲವಂತೆ. ಲಗ್ನಗಳೂ ಚೆನ್ನಾಗೇ ಆದವು.

ದೊಡ್ಡ ಊರಿನ ಪತ್ರಿಕೆಗಳಿಗೂ ಇದೇ ಪಾಡಿತ್ತು ಎಂದು ಆಮೇಲೆ ತಿಳಿಯಿತು. 1886ರಲ್ಲಿ ಬಂದ ಲೈನೋಟೈಪ್ ಯಂತ್ರ ಇಡೀ ಸಾಲನ್ನೇ ಎರಕ ಹೊಯ್ಯುತ್ತಿತ್ತು. ಅದರ ಒಂದೊಂದು ಅಚ್ಚಿನ ತುಂಡಿನಲ್ಲಿ ಎರಡು ರೂಪ ಕೊರೆಯುವ ಪದ್ಧತಿ ಬಂತು. ಸಾದಾದ ಜೊತೆ ಇಟಾಲಿಕ್, ಇಲ್ಲವೇ ಸಾದಾದ ಜೊತೆ ಬೋಲ್ಡ್. ಒಂದೇ ತುಂಡಿನಲ್ಲಿ ಇರುವುದರಿಂದ ಎರಡೂ ರೂಪದ ಅಗಲ ಒಂದೇ ಆಗಬೇಕು. ಸಪೂರ ಇಟಾಲಿಕ್ಕು ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಸಡಿಲ ಸಡಿಲ. ಬೋಲ್ಡ್ ಇಟಾಲಿಕ್‌ಗಂತೂ ಆ ಜೋಡಿಯಲ್ಲಿ ಸುಲಭಕ್ಕೆ ಜಾಗ ಸಿಗುತ್ತಿರಲಿಲ್ಲ.

ದಪ್ಪಕ್ಕೂ ವಾರೆಗೂ ಸಂಬಂಧ ಕುದುರಿದ್ದೇ ಬಹಳ ತಡವಾಗಿ. ಇಟಾಲಿಕ್ ಹುಟ್ಟಿದ್ದು ವೆನಿಸ್‌ನಲ್ಲಿ. ಆಲ್ಡಸ್ ಮನೂಷಿಯಸ್ ಎಂಬ ಪ್ರಕಾಶಕ, ಅವನಿಗೆ ಅಚ್ಚು ಕೊರೆದುಕೊಟ್ಟ ಫ್ರಾನ್ಸೆಸ್ಕೊ ಗ್ರಿಫೊ, ಇಬ್ಬರೂ ಸೇರಿ 1501ರಲ್ಲಿ ವರ್ಜಿಲ್ ಕವಿಯ ಪುಸ್ತಕವನ್ನು ಕೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿ ತಂದರು, ಇಡೀ ಪುಸ್ತಕ ಇಟಾಲಿಕ್‌ನಲ್ಲಿ. ಅಂದರೆ ಆಗ ಅದು ಒತ್ತಿ ಹೇಳುವ ಅಕ್ಷರವಲ್ಲ, ಸುಮ್ಮನೆ ಓದುವ ಅಕ್ಷರ, ಅಲ್ಲಿಯ ವಿದ್ವಾಂಸರ ಕೈಬರಹದ ನಕಲು. ದೊಡ್ಡಕ್ಷರಗಳು ಮಾತ್ರ ನೆಟ್ಟಗೇ ಇದ್ದವು, ಅವನ್ನು ಬಾಗಿಸಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಬೋಲ್ಡ್ ಹುಟ್ಟಿದ್ದು ಲಂಡನ್ನಿನ ಗದ್ದಲದಲ್ಲಿ. 19ನೇ ಶತಮಾನದ ಶುರುವಿನಲ್ಲಿ ಲಾಟರಿ ಕರಪತ್ರಗಳಿಗೆ ಹೊಟ್ಟೆ ಬಂದ ಅಕ್ಷರಗಳನ್ನು ಎರಕ ಹೊಯ್ಯತೊಡಗಿದರು. ಸಾದಾ ಅಕ್ಷರದ ನಡುವೆಯೇ ಕೂತು ಒಂದು ಪದವನ್ನು ಎತ್ತಿ ತೋರಿಸುವ ದಪ್ಪಕ್ಷರ ಬಂದದ್ದು 1845ರಲ್ಲಿ, ರಾಬರ್ಟ್ ಬೆಸ್ಲಿ ಎಂಬಾತ ಹೊರತಂದ ಕ್ಲಾರೆಂಡನ್. ನಡುವೆ 344 ವರ್ಷ. ವಾರೆ ಬಂದದ್ದು ವಿದ್ವಾಂಸರ ಮನೆಯಿಂದ, ದಪ್ಪ ಬಂದದ್ದು ಸಂತೆಯಿಂದ. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದೇ ಬೋಲ್ಡ್ ಇಟಾಲಿಕ್. ಆ ಅಕ್ಷರದಲ್ಲಿ ನನಗೆ ಸದಾ ಕಾಣುವ ಒಂದು ನಮೂನೆ ಗತ್ತು, ಒಂದು ನಮೂನೆ ಸಂಕೋಚ, ಎರಡೂ ಅಲ್ಲಿಂದಲೇ ಬಂದಿರಬೇಕು.

ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ 1932ರ ಅಕ್ಟೋಬರ್ 3ರಂದು ತನ್ನ ಹೊಸ ಅಕ್ಷರಕ್ಕೆ, ಅಂದರೆ ಟೈಮ್ಸ್ ನ್ಯೂ ರೋಮನ್‌ಗೆ, ಬದಲಾಯಿತು. ಸ್ಟ್ಯಾನ್ಲಿ ಮಾರಿಸನ್ ಅವರ ಉಸ್ತುವಾರಿ, ವಿಕ್ಟರ್ ಲಾರ್ಡೆಂಟ್ ಅವರ ಕೈ. 1992ರಲ್ಲಿ ವಿಂಡೋಸ್ 3.1 ಜೊತೆ ಅದೇ ಟೈಮ್ಸ್ ನಾಲ್ಕೂ ರೂಪಗಳಲ್ಲಿ ಕಂಪ್ಯೂಟರಿಗೆ ಬಂತು. ಕಾಕಾ ಜೀವಮಾನದಲ್ಲಿ ಕೊಳ್ಳದ ಅಕ್ಷರ ಎಲ್ಲರಿಗೂ ಪುಕ್ಕಟೆ ಸಿಕ್ಕಿತು, ಅದೂ ಎರಡು ಗುಂಡಿ ಒತ್ತಿದರೆ. ಸಿಕ್ಕಿದ್ದನ್ನು ಬಳಸದೆ ಬಿಡುವ ಜನ ನಾವಲ್ಲ. ಔತಣದ ಬ್ಯಾನರಿನಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಎಲ್ಲಕ್ಕೂ ಅದೇ.

ನಿಜಕ್ಕೂ ಬೇಕಾಗುವ ಜಾಗಗಳು ಕಡಿಮೆ. ನನಗೆ ಒಂದನ್ನು ಕಲಿಸಿದ್ದು ದಾಳಿಂಬೆ. ನಮ್ಮದು ತೋಟಗಾರಿಕೆ ವಿಶ್ವವಿದ್ಯಾಲಯ ಇರುವ ಊರು, ಸುತ್ತ ದಾಳಿಂಬೆಯ ತೋಟಗಳು. ಹಾಗಾಗಿ ಬೆಳೆರೋಗದ ಕಿರುಪುಸ್ತಕಗಳ ಕೆಲಸ ಆಗಾಗ ಬರುತ್ತದೆ. ಒಮ್ಮೆ ದುಂಡಾಣು ಅಂಗಮಾರಿ ರೋಗದ ಬಗ್ಗೆ ಒಂದು ಪುಸ್ತಿಕೆ. ರೋಗಾಣುವಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಕ್ಸಾಂಥೊಮೊನಾಸ್ ಆಕ್ಸೊನೊಪೊಡಿಸ್, ಮುಂದೆ ಒಳಗುಂಪನ್ನು ಸೂಚಿಸುವ ಪಿವಿ ಎಂಬ ಎರಡಕ್ಷರ, ಆಮೇಲೆ ಪ್ಯುನಿಕೆ. ತಲೆಬರಹವಾದ್ದರಿಂದ ನಾನು ಇಡೀ ಸಾಲನ್ನು ದಪ್ಪ ಮಾಡಿ ಬಿಟ್ಟಿದ್ದೆ. ಬರೆದ ವಿಜ್ಞಾನಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಪ್ರೂಫ್ ವಾಪಸ್ ಕಳಿಸಿದರು. ಜಾತಿ, ಪ್ರಭೇದದ ಹೆಸರು ಎಲ್ಲೇ ಇರಲಿ ಇಟಾಲಿಕ್ ಆಗಬೇಕು, ತಲೆಬರಹದ ದಪ್ಪ ಹೋಗಬಾರದು, ನಡುವಿನ ಪಿವಿ ಮಾತ್ರ ನೆಟ್ಟಗಿರಬೇಕು. ಅಂದರೆ ಒಂದೇ ಸಾಲಿನಲ್ಲಿ ಬೋಲ್ಡ್ ಇಟಾಲಿಕ್, ಬೋಲ್ಡ್, ಮತ್ತೆ ಬೋಲ್ಡ್ ಇಟಾಲಿಕ್. ಅಲಂಕಾರಕ್ಕಲ್ಲ, ಇದು ಇಂಥ ಜೀವಿಯ ಹೆಸರು ಎಂದು ಗುರುತಿಸುವುದಕ್ಕೆ. ಪಿಯುಸಿ ಭೌತಶಾಸ್ತ್ರದಲ್ಲೂ ಹೀಗೇ. ಹಲಗೆಯ ಮೇಲೆ ಸದಿಶಕ್ಕೆ, ಅಂದರೆ ವೆಕ್ಟರಿಗೆ, ತಲೆಯ ಮೇಲೊಂದು ಬಾಣ, ಅಚ್ಚಿನಲ್ಲಿ ಅಂತಾರಾಷ್ಟ್ರೀಯ ಮಾನಕದ ಪ್ರಕಾರ ಬೋಲ್ಡ್ ಇಟಾಲಿಕ್. ಇಂಥ ಕಡೆ ಆ ಅಕ್ಷರ ಕೂಲಿ ಮಾಡಿ ಉಣ್ಣುತ್ತದೆ. ಉಳಿದ ಕಡೆ ಬಹುತೇಕ ಬೀಗರ ಊಟ.

ಕನ್ನಡಕ್ಕೆ ಅದು ಬೇಕೇ ಎಂಬ ಮಾತು ಎದ್ದದ್ದು ಇನ್ನೊಂದು ಕೆಲಸದಲ್ಲಿ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಒಂದು ಪುಸ್ತಕ. ಮೂಲದಲ್ಲಿ ಎಲ್ಲೆಲ್ಲಿ ಪದ ಇಟಾಲಿಕ್ ಇತ್ತೋ ಅಲ್ಲೆಲ್ಲ ನಾನು ಕನ್ನಡ ಪದವನ್ನು ತಳ್ಳಿ ಮಲಗಿಸಿದ್ದೆ. ಪ್ರೂಫ್ ನೋಡಿದವರು ನಿವೃತ್ತ ಕನ್ನಡ ಮಾಸ್ತರರು. ಮಲಗಿದ ಒಂದೊಂದು ಪದವನ್ನೂ ಎಬ್ಬಿಸಿ, ಕೊನೆಗೆ ಒಂದು ಏತ್ವದ ದೀರ್ಘ ಎಳೆದಿದ್ದರು. ‘ಅವನು’ ಇದ್ದದ್ದು ‘ಅವನೇ’, ‘ಅದು’ ಇದ್ದದ್ದು ‘ಅದೇ’.

‘ಏನ್ ಮಾಸ್ತರ್ರೀ ಇದು, ಒಂದು ಪುಟಕ್ಕ ಇಷ್ಟು ತಿದ್ದುಪಡಿ?’ ಅಂದೆ.

‘ಇಂಗ್ಲಿಷಿನವ್ರಿಗೆ ದನಿ ಏರಿಸಿದ್ದು ಕಾಗದದ ಮ್ಯಾಲೆ ತೋರಿಸಾಕ ಬ್ಯಾರೆ ದಾರಿ ಕಡಿಮಿ, ಅಕ್ಷರ ಬಾಗಿಸ್ತಾರ. ನಿನಗ ಏ ಐತಲ್ಲೋ ತಮ್ಮಾ, ಅಕ್ಷರ ಯಾಕ ಬಾಗಸ್ತಿ?’

ಅವರು ಹೇಳಿದ್ದನ್ನು ನಾನು ಆಮೇಲೆ ಬಹಳ ದಿನ ನನ್ನಷ್ಟಕ್ಕೆ ಆಡಿ ನೋಡಿದೆ. ನಾನು ಹೇಳಿದೆ. ನಾನೇ ಹೇಳಿದೆ. ನಾನೂ ಹೇಳಿದೆ. ಹೇಳಿಯೇ ಹೇಳಿದೆ. ಹೇಳಿದ್ದೆನಲ್ಲ! ಇಷ್ಟೂ ಬಾಗು ಪದದ ಒಳಗೇ ಇದೆ. ಪುಸ್ತಕದ ಹೆಸರಿಗೆ ಇಂಗ್ಲಿಷಿನವರು ಇಟಾಲಿಕ್ ಹಾಕುವ ಕಡೆ ನಾವು ಒಂಟಿ ಉದ್ಧರಣ ಚಿಹ್ನೆ ಹಾಕಿ ಮುಂದೆ ಹೋಗುತ್ತೇವೆ, ಕೊರತೆ ಅನ್ನಿಸುವುದಿಲ್ಲ. ವಿಜಯಪುರದಿಂದ ಬರುವ ಉರ್ದು ಲಗ್ನಪತ್ರಿಕೆಗಳನ್ನು ನೋಡಿ. ನಸ್ತಾಲಿಕ್ ಬರಹದಲ್ಲಿ ಒಂದೊಂದು ಪದವೂ ಬಲದ ಮೇಲಿನಿಂದ ಎಡದ ಕೆಳಕ್ಕೆ ಇಳಿಜಾರಿನಲ್ಲಿ ಹರಿಯುತ್ತದೆ, ಬಾಗುವುದೇ ಅದರ ಸಾದಾ ನಿಲುವು. ಮತ್ತೆ ಬಾಗಿಸುವುದು ಎಲ್ಲಿಗೆ? ಆ ಬರಹ ಯಂತ್ರಕ್ಕೆ ಪಳಗಿದ್ದು 1981ರಲ್ಲಿ ನೂರಿ ನಸ್ತಾಲಿಕ್ ಎಂಬ ಫಾಂಟ್ ಬಂದಾಗ. ಅಲ್ಲಿಯವರೆಗೆ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಲಿಪಿಗೆ ಒಗ್ಗದ ಯಂತ್ರವನ್ನು ಅವರು ಕಾಯಿಸಿದರು. ನಾವು ಮೊದಲೇ ಒಪ್ಪಿಕೊಂಡೆವು.

ಆದರೂ ಮಾಸ್ತರರ ಮಾತು ಲಗ್ನಪತ್ರಿಕೆಗೆ ಆಗಿಬರುವುದಿಲ್ಲ. ಹುಡುಗಿಯ ಹೆಸರಿಗೆ ಏ ಹಚ್ಚಿದರೆ ಅರ್ಥ ಎಲ್ಲಿಗೋ ಹೋಗುತ್ತದೆ! ಯಜಮಾನರಿಗೆ ಬೇಕಾದದ್ದು ವ್ಯಾಕರಣವಲ್ಲ, ಸಡಗರ.

ಹಾಗಾಗಿ ಮತ್ತೆ ‘ಕ್ಷ್ಮೀ’ಗೆ ಬಂದೆ. ಲೆಕ್ಕ ಹಾಕಿ ನೋಡಿದೆ. 12 ಡಿಗ್ರಿ ತಳ್ಳಿದರೆ ಗೆರೆಯಿಂದ 10 ಮಿಲಿಮೀಟರ್ ಮೇಲಿರುವ ತುದಿ 2 ಮಿಲಿಮೀಟರಿಗೂ ತುಸು ಹೆಚ್ಚು ಬಲಕ್ಕೆ ಹೋಗುತ್ತದೆ. ಗೆರೆಯಿಂದ 6 ಮಿಲಿಮೀಟರ್ ಕೆಳಗಿರುವ ಒತ್ತು 1.3 ಮಿಲಿಮೀಟರಿನಷ್ಟು ಎಡಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ನಾಲ್ಕಾರು ಅಕ್ಷರದ ಬಾಲ ಅಷ್ಟೇ, ಬಾಲ ಎಡಕ್ಕೆ ಬೀಸಿದರೆ ಚೆಂದವೇ. ಕನ್ನಡದ ಪದ ಮೂರಂತಸ್ತಿನ ವಾಡೆ. ಮೇಲೆ ಗುಡಿಸು, ನಡುವೆ ಅಕ್ಷರ, ನೆಲಮಾಳಿಗೆಯಲ್ಲಿ ಒತ್ತು, ಅದರ ಕೆಳಗೂ ಇನ್ನೊಂದು ಒತ್ತು. ತಳ್ಳಿದರೆ ಗಣಿತದ ಪ್ರಕಾರ ಯಾವುದೂ ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲ, ಎಲ್ಲ ಒಂದೇ ಅಳತೆಯಲ್ಲಿ ಸರಿಯುತ್ತವೆ. ಆದರೆ ಓದುವ ಕಣ್ಣು ಒತ್ತನ್ನು ಹುಡುಕುವುದು ಅಕ್ಷರದ ನೇರ ಕೆಳಗೆ, ತುಸು ಬಲಕ್ಕೆ. ಅದು ಎಡಕ್ಕೆ ಹೋಗಿ ಕೂತರೆ ನೆರೆಮನೆಯ ಕೂಸು ಅನ್ನಿಸುತ್ತದೆ.

ದಪ್ಪದ ಕಥೆಯೂ ಇಷ್ಟೇ ತೊಡಕಿನದು. ಪ-ಫ, ದ-ಧ, ಡ-ಢ, ಇವುಗಳ ನಡುವಿನ ಅಂತರ ತಳದಲ್ಲಿರುವ ಒಂದು ಸಣ್ಣ ಸೀಳು. ಸುತ್ತಲೂ ಮಸಿ ಬಳಿದರೆ ಮೊದಲು ಮುಳುಗುವುದು ಅದೇ, ‘ಧನ’ ಕೊಟ್ಟವನು ‘ದನ’ ಕೊಟ್ಟವನಾಗುತ್ತಾನೆ. ಇನ್ನು ನಮ್ಮ ತಲಕಟ್ಟನ್ನು ಕೆಲವರು ಕನ್ನಡದ ಸೆರಿಫ್ ಅನ್ನುತ್ತಾರೆ. ನೋಡಲು ಹಾಗೆ ಕಾಣಬಹುದು. ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಅಕ್ಷರದ ಪಾದ ಕತ್ತರಿಸಿದರೂ ಅಕ್ಷರ ಅದೇ, ಕನ್ನಡದ ತಲಕಟ್ಟು ತೆಗೆದರೆ ಸ್ವರವೇ ಹೋಗುತ್ತದೆ. ಕ ಅಕ್ಷರ ಕಿ ಆಗುವಾಗ ತಲಕಟ್ಟು ಎದ್ದು ಗುಡಿಸಿಗೆ ಜಾಗ ಬಿಡುತ್ತದೆ. ಒಡವೆಯನ್ನು ಬೇಕಾದಷ್ಟು ಬಾಗಿಸಬಹುದು, ಅಂಗವನ್ನು ಹಾಗೆ ಮಾಡಲಾಗದು.

ಮರುದಿನ ಮುಧೋಳಕ್ಕೆ ಬೇರೆ ಕೆಲಸದ ಮೇಲೆ ಹೋಗಿದ್ದೆ. ರಸ್ತೆ ಬದಿಯ ಗ್ಯಾರೇಜಿನ ಮುಂದೆ ಕಬ್ಬಿನ ಟ್ರೇಲರ್ ಒಂದಕ್ಕೆ ಬಣ್ಣ ನಡೆದಿತ್ತು. ಹಿಂಬದಿಯ ಹಲಗೆಯ ಮೇಲೆ ಹಳದಿಯಲ್ಲಿ ‘ಶ್ರೀ ಲಕ್ಷ್ಮೀ ಪ್ರಸನ್ನ’. ದಪ್ಪ, ವಾರೆ, ಎಡಕ್ಕೆ ಕೆಂಪು ನೆರಳು. ಬೈಕ್ ನಿಲ್ಲಿಸಿ ಇಳಿದೆ. ನನಗೆ ಬೇಕಾದ ‘ಕ್ಷ್ಮೀ’ ಅಲ್ಲಿ ಒಂದೂವರೆ ಅಡಿ ಎತ್ತರದಲ್ಲಿ ನಿಂತಿತ್ತು, ಒಂದಿಷ್ಟೂ ತೂರಾಡದೆ.

ಹತ್ತಿರ ಹೋಗಿ ನೋಡಿದರೆ ಪೇಂಟರ್ ಮಾಮಾ ಒತ್ತನ್ನು ಎಡಕ್ಕೆ ಬಿಟ್ಟಿರಲಿಲ್ಲ. ಅಕ್ಷರ ಬಲಕ್ಕೆ ವಾಲಿದೆ, ಒತ್ತೂ ವಾಲಿದೆ, ಆದರೆ ಅದನ್ನು ಮೊದಲೇ ಬಲಕ್ಕೆ ಎಳೆದು ಅಕ್ಷರದ ಹೊಟ್ಟೆಯ ಕೆಳಗೇ ಕೂರಿಸಿದ್ದಾನೆ, ಅಳತೆಯಲ್ಲಿ ತುಸು ಸಣ್ಣದು ಮಾಡಿ. ಗುಡಿಸಿನ ಬಾಗು ಅಕ್ಷರದ ಬಾಗಿಗಿಂತ ಕಡಿಮೆ. ಷ-ಒತ್ತಿನ ಕಿಂಡಿ ಮುಚ್ಚದಿರಲಿ ಎಂದು ಅಲ್ಲಿ ಮಾತ್ರ ಬ್ರಷ್ಷಿನ ಅಂಚು ತಿರುಗಿಸಿ ತೆಳ್ಳಗೆ ಎಳೆದಿದ್ದಾನೆ. ಬೋಲ್ಡ್ ಇಟಾಲಿಕ್ ಬಿಡಿಸುವವರು ತಿಂಗಳುಗಟ್ಟಲೆ ಕೂತು ಮಾಡುವ ತಿದ್ದುಪಡಿಗಳು ಇವೇ, ಇಲ್ಲಿ ಆಯಿಲ್ ಪೇಂಟಿನಲ್ಲಿ, ಬೀಡಿ ಸೇದುತ್ತ.

‘ಮಾಮಾ, ಅಕ್ಷರ ವಾರಿ ಮಾಡಿದ ಮ್ಯಾಲೆ ಒತ್ತು ಹಿಂದ ಹೋಗಬೇಕಲ್ಲ, ಹೋಗಿಲ್ಲ?’

‘ಯಾಕ್ ಹೋಗಬೇಕು? ಬಾಗಿ ಕಸಾ ಹೊಡಿಯೂ ಹೆಣ್ಮಗಳ ಸೊಂಟದಾಗಿನ ಕೂಸು ಬೀಳತೈತೇನು?’

ಕೈ ನಿಲ್ಲಿಸದೆ ಅಂದ. ಎಷ್ಟು ಡಿಗ್ರಿ ವಾರೆ ಅಂತ ಕೇಳಿದೆ. ಅದು ಅವನಿಗೆ ಪ್ರಶ್ನೆಯೇ ಅಲ್ಲ. ದಾರಕ್ಕೆ ಸುಣ್ಣ ಹಚ್ಚಿ ಮೇಲೆ ಕೆಳಗೆ ಎರಡು ಗೆರೆ ಹೊಡೆಯುತ್ತಾನೆ, ಮೊದಲನೆಯ ಅಕ್ಷರ ಹೇಗೆ ವಾಲುತ್ತದೋ ಉಳಿದವು ಅದರ ಹಿಂದೆ. ‘ಟ್ರ್ಯಾಕ್ಟರ್ ಮುಂದ ಹೊಂಟಂಗ ಕಾಣಬೇಕು, ಬಿದ್ದಂಗ ಅಲ್ಲ’ ಎಂದ. ಹೌದಲ್ಲ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕೂಡ 1843ರಲ್ಲಿ ಕೈಯಲ್ಲಿ ಬರೆದು ಕಲ್ಲಚ್ಚಿನಲ್ಲಿ ಇಳಿಸಿದ್ದು, ಮೊಳೆ ಜೋಡಿಸಿದ್ದಲ್ಲ. ಕ್ಲಾರೆಂಡನ್ ಹುಟ್ಟುವುದಕ್ಕೂ ಎರಡು ವರ್ಷ ಮೊದಲು. ಅಲ್ಲಿಂದ ಈ ಟ್ರೇಲರಿನ ಹಲಗೆಯವರೆಗೆ ಕನ್ನಡದ ಕೈಬರಹ ಯಾವ ಫಾಂಟಿನ ಹಂಗಿಲ್ಲದೆ ಕೈಯಿಂದ ಕೈಗೆ ಬಂದಿದೆ. ನಾವು ಡಿಟಿಪಿಯವರು ಮಾತ್ರ ಗುಂಡಿ ಒತ್ತಿ, ಕನ್ನಡಕ್ಕೆ ಬಾಗಲು ಬರುವುದಿಲ್ಲ ಎಂದು ತೀರ್ಪು ಕೊಟ್ಟು ಕೂತಿದ್ದೇವೆ.

ಫೋಟೊ ತೆಗೆದುಕೊಂಡು ಬಂದೆ. ರಾತ್ರಿ ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಹುಡುಗಿಯ ಹೆಸರು ಬರೆದೆ, ಅಳಿಸಿದೆ, ಬರೆದೆ. ಟ್ರೇಲರಿನ ನಕಲಾಗಬಾರದು, ಪತ್ರಿಕೆಗೆ ಅಷ್ಟು ಅಬ್ಬರ ಬೇಡ. ಏಳನೆಯದೋ ಎಂಟನೆಯದೋ ಸುಮಾರಾಗಿ ಬಂತು. ಸ್ಕ್ಯಾನ್ ಮಾಡಿ ಕೋರೆಲ್ ಡ್ರಾದಲ್ಲಿ ಅಂಚು ಎಳೆದೆ. ಮ-ಒತ್ತನ್ನು ಹೆಬ್ಬೆರಳಿನ ಉಗುರಿನಷ್ಟು ಬಲಕ್ಕೆ ತಂದಾಗ ಇಡೀ ಹೆಸರು ತಟ್ಟನೆ ನೆಲೆಗೆ ನಿಂತಿತು. ಈ ಇಪ್ಪತ್ತು ವರ್ಷದಲ್ಲಿ ಅಂಥ ಖುಷಿ ನನಗೆ ಹೆಚ್ಚು ಸಲ ಸಿಕ್ಕಿಲ್ಲ.

ಯಜಮಾನರು ಬಂದರು. ಪ್ರೂಫ್ ಕೈಯಲ್ಲಿ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ನೋಡಿದರು.

‘ಹಾಂ, ಈಗ ಛಲೋ ಆತ್ ನೋಡ್ರಿ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಖರೇ, ಹುಡುಗನ ಹೆಸರು ಯಾಕ ನೆಟ್ಟಗ ಐತಿ? ಬೀಗ್ರು ಸುಮ್ನಿರ್ತಾರೇನ್ರಿ?’

ಹುಡುಗನ ಹೆಸರಿನಲ್ಲಿ ಎರಡು ಒತ್ತು, ಒಂದು ಅರ್ಕಾವೊತ್ತು. ಪೆನ್ಸಿಲ್ ಕೆತ್ತಿಕೊಂಡು ಮತ್ತೆ ಕೂತೆ.